ಕಾಕನ ಲಾರಿಯ ಹಿಂದಿನ ಟಯರುಗಳು

ನನಗೆ ಸಿಟ್ಟು ಬೇಗ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಆದದ್ದರಲ್ಲಿ ಅದರ ಪಾಲೂ ಉಂಟು. ಮಸ್ಕತ್ತಿನ ಘಾಲಾದಲ್ಲಿ ಜಲ್ಲಿ, ಸಿಮೆಂಟ್ ಬ್ಲಾಕು ಸಾಗಿಸುವ ಒಂದು ಕಂಪೆನಿ, ಅದರ ಗ್ಯಾರೇಜಿಗೆ ನಾನು ಫೋರ್‌ಮನ್. ಮಂಗಳೂರಿನ ಬಂದರಿನ ಹತ್ತಿರ ಲಾರಿ ಗ್ಯಾರೇಜಿನಲ್ಲಿ ಕೆಲಸ ಕಲಿತು, ಎಂಬತ್ತರ ದಶಕದ ನಡುವೆ ಒಮಾನಿಗೆ ಹೋದವನು. ಟಯರಿಗೆ ಅಂಗೈ ಇಟ್ಟರೆ ಸಾಕು, ಅದರ ಜಾತಕ ಹೇಳುತ್ತೇನೆ ಅಂತ ಎಲ್ಲರೆದುರು ಕೊಚ್ಚಿಕೊಳ್ಳುತ್ತಿದ್ದೆ. ಪೂರ್ತಿ ಸುಳ್ಳೂ ಅಲ್ಲ. ಟಯರು ಸುಮ್ಮನೆ ಸವೆಯುವುದಿಲ್ಲ. ನಡು ಸವೆದರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದರೆ ಗಾಳಿ ಕಡಿಮೆ. ಒಂದೇ ಅಂಚು ಸವೆದರೆ ಚಕ್ರ ಓರೆ. ಅಲ್ಲಲ್ಲಿ ಗುಂಡಿ ಬಿದ್ದಿದ್ದರೆ ಬೇರಿಂಗ್ ಸಡಿಲ, ಇಲ್ಲವೇ ಬ್ರೇಕ್ ಹಿಡಿಯುವ ಡ್ರಮ್ ಸಮ ಇಲ್ಲ. ಕೈ ಒಂದು ದಿಕ್ಕಿಗೆ ನುಣ್ಣಗೆ ಜಾರಿ, ತಿರುಗಿ ಎಳೆಯುವಾಗ ತರಚಿದರೆ ಆ ಟಯರು ಅಡ್ಡಕ್ಕೆ ಉಜ್ಜಿಕೊಂಡು ಓಡಿದೆ ಅಂತ ಅರ್ಥ. ಇಷ್ಟೆಲ್ಲ ಗೊತ್ತಿದ್ದವನು ಕಾಕನ ಲಾರಿಯ ವಿಷಯದಲ್ಲಿ ಕಣ್ಣಿದ್ದೂ ಕುರುಡನಾದೆ.

ಕಾಕ ಬಂಟ್ವಾಳದ ಕಡೆಯ ಬ್ಯಾರಿ ಮುಸಲ್ಮಾನರು. ಐವತ್ತು ದಾಟಿದ ಮನುಷ್ಯ. ಕಂಪೆನಿಯ ಕೆಲಸಗಾರರು ಇರುವ ಕ್ಯಾಂಪಿನಲ್ಲಿ ಮಲಯಾಳಿ, ಪಠಾಣ, ಬಂಗಾಳಿ ಎಲ್ಲರಿಗೂ ಅವರು ಕಾಕನೇ. ಊರಲ್ಲಿ ಇಪ್ಪತ್ತು ವರ್ಷ ಘಾಟಿಯಲ್ಲಿ ಲಾರಿ ಓಡಿಸಿ, ಮತ್ತೆ ಇಲ್ಲಿ ಹನ್ನೊಂದು ವರ್ಷ. ನನಗಿಂತ ಹದಿನೈದು ವರ್ಷ ದೊಡ್ಡವರಾದರೂ ನನ್ನನ್ನು 'ಅಣ್ಣ' ಅಂತಲೇ ಕರೆಯುತ್ತಿದ್ದರು. ನಮ್ಮಿಬ್ಬರ ಮಾತು ತುಳುವಿನಲ್ಲಿ. ಊರಲ್ಲಿ ಅವರ ಹೊಸ ಮನೆಗೆ ಗೋಡೆ ಎದ್ದಿತ್ತು, ಮೇಲಿನ ಮಾಡು, ಅಂದರೆ ಸೂರು, ಆಗಿರಲಿಲ್ಲ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಭಾವನ ಮನೆಯ ಒಂದು ಕೋಣೆಯಲ್ಲಿದ್ದರು. ಇನ್ನೆರಡು ವರ್ಷ ಇಲ್ಲಿ ಇದ್ದರೆ ಮಾಡು ಹಾಕಿ ಹೋಗಿಬಿಡುತ್ತೇನೆ ಅನ್ನುತ್ತಿದ್ದರು. ಈ ಎರಡು ವರ್ಷದ ಮಾತನ್ನು ನಾನು ನಾಲ್ಕು ವರ್ಷದಿಂದ ಕೇಳುತ್ತಿದ್ದೆ, ಅದಕ್ಕೆ ತಮಾಷೆಯನ್ನೂ ಮಾಡುತ್ತಿದ್ದೆ.

ಅವರದ್ದು ಆರು ಚಕ್ರದ ಲಾರಿ. ಮುಂದೆ ಎರಡು, ಹಿಂದೆ ಎರಡು ಬದಿಗೂ ಜೋಡಿ ಜೋಡಿಯಾಗಿ ನಾಲ್ಕು. ಘಾಲಾದಿಂದ ಬ್ಲಾಕು ತುಂಬಿ ಕರಾವಳಿಯ ಸುವೈಕ್ ಪಟ್ಟಣಕ್ಕೆ ಹೋಗಿ ಇಳಿಸಿ ಬರುವುದು ಕೆಲಸ. ಆ ವರ್ಷ ಅವರ ಲಾರಿ ಹಿಂದಿನ ಟಯರುಗಳನ್ನು ತಿನ್ನಲು ಶುರು ಮಾಡಿತು. ಬೇರೆಯವರ ಲಾರಿಯಲ್ಲಿ ವರ್ಷ ದಾಟುವ ಟಯರು ಇವರಲ್ಲಿ ಮೂರು ತಿಂಗಳಿಗೆ ಬೋಳು. ಒಂದು ಸೆಟ್ ಹೋಯಿತು. ಹೊಸದು ಹಾಕಿದೆವು, ಅದೂ ಅದೇ ದಾರಿ ಹಿಡಿಯಿತು.

ನಮ್ಮ ಟ್ರಾನ್ಸ್‌ಪೋರ್ಟ್ ಮ್ಯಾನೇಜರರು ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಮೆತ್ತಗಿನ ಮಾತು, ಬಿಳಿ ಅಂಗಿ, ಇಸ್ತ್ರಿ ಮುರಿಯದ ಪ್ಯಾಂಟು. ಶನಿವಾರ ಅಂದರೆ ಅಲ್ಲಿ ವಾರದ ಮೊದಲ ದಿನ. ಆ ಬೆಳಿಗ್ಗೆ ಎಲ್ಲ ಲಾರಿ ಅಂಗಳದಲ್ಲಿ ಸಾಲಾಗಿ ನಿಲ್ಲಬೇಕು, ಡ್ರೈವರುಗಳು ತಮ್ಮ ತಮ್ಮ ಲಾರಿಯ ಪಕ್ಕ. ಮ್ಯಾನೇಜರರು ಕೈಯಲ್ಲಿ ಒಂದು ಸ್ಟೀಲಿನ ಸ್ಕೇಲು ಹಿಡಿದು ಒಂದೊಂದೇ ಟಯರಿನ ಗೆರೆಗೆ ಚುಚ್ಚಿ ಆಳ ನೋಡುತ್ತ ಹೋಗುತ್ತಿದ್ದರು. ಜೋಡಿ ಟಯರಿನಲ್ಲಿ ಹೊರಗಿನದ್ದನ್ನು ಮಾತ್ರ ನೋಡುತ್ತಿದ್ದರು. ಒಳಗಿನದ್ದನ್ನು ನೋಡಬೇಕಾದರೆ ಬಗ್ಗಬೇಕು, ಅಂಗಿಗೆ ಗ್ರೀಸು ತಾಗುತ್ತದೆ. ಇದು ಎಲ್ಲ ಡ್ರೈವರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು, ಆದರೆ ಅದು ಎಂತ ಅನಾಹುತಕ್ಕೆ ದಾರಿ ಅಂತ ತಲೆಗೆ ಹೋಗಿರಲಿಲ್ಲ.

ಎರಡನೆಯ ಸೆಟ್ಟೂ ಹಾಳಾದ ವಾರ ಅವರು ನನ್ನನ್ನು ಆಫೀಸಿಗೆ ಕರೆದರು. "ಗಾಡಿಯಲ್ಲಿ ದೋಷವಾ, ಡ್ರೈವರಲ್ಲಿ ದೋಷವಾ, ಎರಡರಲ್ಲಿ ಒಂದು ನೀವು ಬರೆದುಕೊಡಿ. ಡ್ರೈವರ್ ಅಂತಾದರೆ ನಾನು ಇಟ್ಟುಕೊಳ್ಳೂದಿಲ್ಲ, ಕ್ಯಾನ್ಸಲ್ ಮಾಡ್ತೇನೆ" ಎಂದರು. ಕ್ಯಾನ್ಸಲ್ ಅಂದರೆ ವೀಸಾ ಹೋಯಿತು. ಆಮೇಲೆ ಎರಡು ವರ್ಷ ಒಮಾನಿಗೆ ಕಾಲಿಡುವಂತಿಲ್ಲ. ಐವತ್ತು ದಾಟಿದ ಡ್ರೈವರಿಗೆ ಎರಡು ವರ್ಷದ ಮೇಲೆ ಯಾವ ಪುಣ್ಯಾತ್ಮ ವೀಸಾ ಕೊಡುತ್ತಾನೆ? ಕಾಕನ ಮನೆಯ ಮಾಡು ನನ್ನ ಎರಡು ಸಾಲಿನ ಮೇಲೆ ನಿಂತಿತು ಅಂತ ನನಗೆ ಆಗಲೇ ಅರ್ಥವಾಗಿತ್ತು. ಅರ್ಥವಾಗಿಯೂ ನಾನು ಮಾಡಿದ್ದು ಎಂತದ್ದು, ಅದನ್ನೇ ಹೇಳುತ್ತಿದ್ದೇನೆ.

ಲಾರಿಯನ್ನು ಜಾಕಿನ ಮೇಲೆ ಎತ್ತಿ ಹಿಂದಿನ ನಾಲ್ಕೂ ಚಕ್ರ ಬಿಚ್ಚಿದೆ. ಬೇರಿಂಗು ಅಲ್ಲಾಡಿಸಿ ನೋಡಿದೆ, ಸರಿ ಇತ್ತು. ಡ್ರಮ್ ಸರಿ ಇತ್ತು, ಬ್ರೇಕು ಎರಡು ಬದಿಗೂ ಸಮ ಹಿಡಿಯುತ್ತಿತ್ತು. ಗಾಳಿ ಅಳೆದರೆ ನಾಲ್ಕರಲ್ಲೂ ಸರಿಯಾಗಿತ್ತು. ಆದರೆ ಟಯರುಗಳಿಗೆ ಕೈ ಇಟ್ಟರೆ ಮಂಡೆ ಬಿಸಿ. ಒಂದರಲ್ಲಿ ಎರಡೂ ಅಂಚು ಸವೆದಿದೆ. ಇನ್ನೊಂದರಲ್ಲಿಯೂ ಹಾಗೆಯೇ, ಆದರೆ ಒಂದು ಅಂಚು ಜಾಸ್ತಿ. ಒಂದು ಕೈಗೆ ಈಚೆ ತರಚುತ್ತದೆ, ಅದರ ಜೋಡಿಯದ್ದು ಆಚೆ ತರಚುತ್ತದೆ. ಹಿಂದಿನ ಆಕ್ಸಲ್, ಅಂದರೆ ಎರಡು ಬದಿಯ ಚಕ್ರಗಳನ್ನು ಹೊತ್ತ ಅಚ್ಚು, ಓರೆಯಾಗಿದ್ದರೆ ಹೀಗೆ ಆಗುವುದಿಲ್ಲ. ಆಗ ಲಾರಿಯ ಹಿಂದೆ ನಿಂತು ನೋಡಿದರೆ ನಾಲ್ಕೂ ಟಯರು ಒಂದೇ ಬದಿಯ ಅಂಚಿನಲ್ಲಿ ಸವೆದಿರಬೇಕು. ಇಲ್ಲಿ ಒಂದೊಂದರದ್ದು ಒಂದೊಂದು ರಾಗ. ಹಾಗಾಗಿ ಆಕ್ಸಲ್ ಅಲ್ಲ ಅಂತ ನಾನು ಅಲ್ಲಿಗೇ ತೀರ್ಮಾನ ಮಾಡಿಬಿಟ್ಟೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಎರಡೂ ಬದಿಯಲ್ಲಿ ಒಂದು ನೂಲು ಹಿಡಿದು ಅಳೆಯಲು ಹತ್ತು ನಿಮಿಷ ಸಾಕು. ಅಳೆಯಲಿಲ್ಲ.

ಎರಡೂ ಅಂಚು ಸವೆದಿದೆ ಅಂದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದಾರೆ, ಇದು ನನ್ನ ಲೆಕ್ಕ. "ದಿನಾ ಬೆಳಿಗ್ಗೆ ಗಾಳಿ ನೋಡ್ತೇನೆ ಅಣ್ಣ" ಎಂದರು ಕಾಕ. "ಗ್ಯಾರೇಜಿಗೆ ಬರುವ ಮೊದಲು ತುಂಬಿಸಿಕೊಂಡು ಬಂದು ನನ್ನ ಕಣ್ಣಿಗೆ ಮಣ್ಣು ಹಾಕ್ಬೇಡಿ ಕಾಕ, ನಾನೂ ಲಾರಿ ಕಂಡವನೇ" ಎಂದೆ. ಅವರು ಕೆಳಗೆ ನೋಡಿದರು. ಆ ನೋಟ ಕಂಡು ನನಗೆ ಖಾತ್ರಿಯಾಯಿತು, ಈ ಮನುಷ್ಯ ಎಂತದ್ದೋ ಅಡಗಿಸುತ್ತಿದ್ದಾರೆ. ಆಮೇಲೆ, "ಸ್ಟಿಯರಿಂಗ್ ಒಂಚೂರು ಎಡಕ್ಕೆ ಹಿಡಿದೇ ಹೋಗ್ಬೇಕು, ನೇರ ಹಿಡಿದರೆ ಗಾಡಿ ನೇರ ಹೋಗೂದಿಲ್ಲ" ಎಂದರು. ಒಮಾನಿನಲ್ಲಿ ಗಾಡಿ ರಸ್ತೆಯ ಬಲಕ್ಕೆ ಓಡುವುದು, ರಸ್ತೆಯೂ ಬಲಕ್ಕೆ ಇಳಿಜಾರು, ಎಲ್ಲರ ಗಾಡಿಯೂ ಅಷ್ಟಿಷ್ಟು ಆಚೆ ಎಳೆಯುತ್ತದೆ. "ಅದು ರಸ್ತೆ ಹಾಗೆ. ಹನ್ನೊಂದು ವರ್ಷದಿಂದ ಓಡಿಸಿ ಇದನ್ನು ಈಗ ನನಗೆ ಹೇಳ್ತೀರಾ?" ಎಂದು ಬಾಯಿ ಮುಚ್ಚಿಸಿದೆ.

ಗುರುವಾರ ಮಧ್ಯಾಹ್ನ, ರಜೆಗೆ ಮೊದಲು, ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು ಕೊಟ್ಟೆ. ಗಾಡಿಯಲ್ಲಿ ದೋಷ ಕಂಡುಬಂದಿಲ್ಲ, ಗಾಳಿ ಕಡಿಮೆ ಇಟ್ಟು ಓಡಿಸಿದ ಗುರುತು ಉಂಟು. ಅಷ್ಟೇ. ಶನಿವಾರ ಕಾಕನಿಗೆ ಆಫೀಸಿನಿಂದ ಕರೆ ಹೋಯಿತು. ಕ್ಯಾನ್ಸಲ್, ಬರುವ ಶುಕ್ರವಾರ ವಿಮಾನ. ಕಾಕ ಆಫೀಸಿನಿಂದ ಹೊರಗೆ ಬಂದು, ಲಾರಿಯ ಹತ್ತಿರ ಹೋಗಿ, ಹೊದಿಕೆಯ ಹಗ್ಗ ಸರಿ ಮಾಡುತ್ತ ನಿಂತದ್ದನ್ನು ನಾನು ಗ್ಯಾರೇಜಿನ ಬಾಗಿಲಿನಿಂದ ನೋಡಿದೆ. ನನ್ನ ಕೆಲಸ ನಾನು ಮಾಡಿದ್ದು ಅಂತ ಹೇಳಿಕೊಂಡೆ.

ಸೋಮವಾರ ಬೆಳಿಗ್ಗೆ ಅವರು ಲಾರಿಯ ಜಾಕು, ಸ್ಪಾನರುಗಳನ್ನು ಒಪ್ಪಿಸಲು ಬಂದರು. ಒಂದೊಂದೇ ಎತ್ತಿ ಬೆಂಚಿನ ಮೇಲೆ ಇಟ್ಟರು, ಎಲ್ಲವನ್ನೂ ಎಣ್ಣೆ ಬಟ್ಟೆಯಲ್ಲಿ ಒರೆಸಿ ತಂದಿದ್ದರು. ಇಟ್ಟ ಮೇಲೂ ಹೋಗದೆ ನಿಂತರು.

"ಅಣ್ಣ, ಒಂದು ವಿಷಯ ಹೇಳದೆ ಹೋದರೆ ಮನಸ್ಸಿಗೆ ಸಮಾಧಾನ ಇಲ್ಲ. ಬೈಬಾರದು."

"ಹೇಳಿ."

"ಸುವೈಕಿನಲ್ಲಿ ನಮ್ಮ ಊರಿನವನದ್ದೊಂದು ಪಂಕ್ಚರ್ ಅಂಗಡಿ ಉಂಟು. ಪ್ರತಿ ಗುರುವಾರ ಬರುವಾಗ ಅಲ್ಲಿ ನಿಲ್ಲಿಸಿ, ಹಿಂದಿನ ಒಳಗಿನ ಟಯರು ಹೊರಗೆ, ಹೊರಗಿನದ್ದು ಒಳಗೆ ಮಾಡಿಸ್ತಿದ್ದೆ. ಶನಿವಾರ ಸಾಹೇಬರು ನೋಡುವಾಗ ಹೊರಗೆ ಚಂದ ಕಾಣ್ಲಿ ಅಂತ. ಒಂದೆರಡು ಸಲ ಎಡದ್ದನ್ನು ಬಲಕ್ಕೂ ಹಾಕಿಸಿದ್ದುಂಟು."

ನಾನು ಅಲ್ಲೇ ಇದ್ದ ಹಳೆಯ ಟಯರಿನ ಮೇಲೆ ಕೂತುಬಿಟ್ಟೆ. ಜೋಡಿ ಚಕ್ರಗಳು ಒಂದಕ್ಕೊಂದು ಬೆನ್ನು ಹಾಕಿಕೊಂಡು ಕೂರುತ್ತವೆ. ಒಳಗಿನದ್ದನ್ನು ಹೊರಗೆ ತಂದರೆ ಅದು ಮಗುಚಿಯೇ ಬರುತ್ತದೆ, ಸವೆದ ಅಂಚು ಒಳಗೆ ಅಡಗಿ, ಗಟ್ಟಿ ಅಂಚು ಹೊರಗೆ ಕಾಣುತ್ತದೆ. ಮುಂದಿನ ವಾರ ಆ ಗಟ್ಟಿ ಅಂಚೂ ಸವೆಯುತ್ತದೆ. ಹೀಗೆ ವಾರ ವಾರ ಮಗುಚಿದರೆ ಎರಡೂ ಅಂಚು ಹೋಗಿ, ಗಾಳಿ ಕಡಿಮೆ ಇಟ್ಟ ಟಯರಿನ ಹಾಗೆಯೇ ಕಾಣುತ್ತದೆ. ಒಂದು ಈಚೆ ತರಚಿ, ಇನ್ನೊಂದು ಆಚೆ ತರಚಿದ್ದೂ ಅದಕ್ಕೇ. ಮಗುಚಿದ್ದನ್ನೆಲ್ಲ ಮನಸ್ಸಿನಲ್ಲೇ ಮತ್ತೆ ಅದರದರ ಜಾಗಕ್ಕೆ ತಿರುಗಿಸಿ ಇಟ್ಟು ನೋಡಿದರೆ, ನಾಲ್ಕೂ ಟಯರು ಬಲದ ಅಂಚಿನಲ್ಲೇ ಸವೆದಿದ್ದವು.

"ನಾನು ಕೇಳುವಾಗ ಯಾಕೆ ಬಾಯಿ ಬಿಡಲಿಲ್ಲ ನೀವು?" ನನ್ನ ಧ್ವನಿ ಏರಿತ್ತು.

"ಹೇಳಿದರೆ ಕ್ಯಾನ್ಸಲ್ ಮಾಡ್ತಾರೆ ಅಂತ ಹೆದರಿದೆ."

ನಗಬೇಕಾ, ಅಳಬೇಕಾ? ಎದ್ದು ನೂಲು ತಂದೆ. ಒಂದು ತುದಿ ಕಾಕ ಹಿಡಿದರು, ಒಂದು ತುದಿ ನಾನು. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ, ಎಡ ಬದಿ ಒಮ್ಮೆ, ಬಲ ಬದಿ ಒಮ್ಮೆ. ಬಲ ಬದಿ ಎರಡು ಬೆರಳು ಕಡಿಮೆ. ಆಕ್ಸಲ್ ಓರೆಯಾಗಿ ಕೂತು, ಲಾರಿ ಏಡಿಯ ಹಾಗೆ ಅಡ್ಡಡ್ಡ ಓಡುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತ ಗಾದೆ ಉಂಟಲ್ಲ, ಆ ಬರೆ ಎಳೆದ ಕೈ ನನ್ನದು.

ಕಾಕನನ್ನು ಕಳಿಸಿ, ಯಾಕೆ ಓರೆಯಾಯಿತು ಅಂತ ನೋಡಲು ಲಾರಿಯ ಕೆಳಗೆ ಹೊಕ್ಕೆ. ಲಾರಿಯ ಭಾರ ಹೊರುವ ಬಲ ಬದಿಯ ಸ್ಪ್ರಿಂಗ್ ಪ್ಲೇಟುಗಳ ಬುಡದಲ್ಲಿ ಮಣ್ಣು, ಗ್ರೀಸು ಸೇರಿ ಗಟ್ಟಿ ಹೆಪ್ಪು ಕಟ್ಟಿತ್ತು. ಕೆರೆದು ತೆಗೆದೆ. ಪ್ಲೇಟುಗಳನ್ನು ಆಕ್ಸಲ್ಲಿನ ಮೇಲೆ ಜಾರದ ಹಾಗೆ ಹಿಡಿಯುವ ನಡುವಿನ ಬೋಲ್ಟು ತುಂಡಾಗಿತ್ತು. ಅವನ್ನು ಅಪ್ಪಿ ಹಿಡಿಯುವ ಯು ಬೋಲ್ಟುಗಳ ನಟ್ಟಿಗೆ ಸ್ಪಾನರ್ ಇಟ್ಟರೆ, ಅರ್ಧ ಸುತ್ತು ಸುಮ್ಮನೆ ತಿರುಗಿತು.

ಆಗ ನನಗೆ ನೆನಪಾಯಿತು. ಹಿಂದಿನ ಬೇಸಿಗೆಯಲ್ಲಿ ಆ ಪ್ಲೇಟುಗಳನ್ನು ಹೊಸತು ಹಾಕಿದ್ದು ನಾನೇ. ಹೊಸ ಪ್ಲೇಟು ಹಾಕಿದರೆ ಒಂದು ಲೋಡು ಹೊತ್ತು ಓಡಿದ ಮೇಲೆ ಅದು ಅಮರಿ ಕೂರುತ್ತದೆ, ಬೋಲ್ಟು ಸಡಿಲಾಗುತ್ತದೆ, ಮರುದಿನ ಮತ್ತೊಮ್ಮೆ ಬಿಗಿಯಲೇಬೇಕು. ಮಂಗಳೂರಿನಲ್ಲಿ ಇದನ್ನು ಯಾರೂ ಬರೆದಿಡುತ್ತಿರಲಿಲ್ಲ. ಅಲ್ಲಿ ಲಾರಿಯವರು ಮರುದಿನ ಹೇಗೂ ಗ್ಯಾರೇಜಿನ ಎದುರಿನ ಗೂಡಂಗಡಿಗೆ ಚಾಕ್ಕೆ ಬರುತ್ತಾರೆ, ಬಂದವರ ಲಾರಿಗೆ ಸ್ಪಾನರ್ ಹಾಕಿ ಬಿಗಿಯುವುದು, ಮುಗಿಯಿತು. ಆ ಅಭ್ಯಾಸವನ್ನೇ ನಾನು ಘಾಲಾಕ್ಕೂ ಹೊತ್ತುಕೊಂಡು ಬಂದಿದ್ದೆ, ಒಂದೊಂದು ಲಾರಿಗೆ ಮಾಡಿದ ಕೆಲಸ ಬರೆದಿಡುವ ಕಾರ್ಡಿನಲ್ಲಿ ಇದನ್ನು ಬರೆಯುತ್ತಿರಲಿಲ್ಲ. ಕಾಕ ಮಾತ್ರ ನಾನು ಹೇಳಿದ ಹಾಗೆಯೇ ಮರುದಿನ ಮಧ್ಯಾಹ್ನ ಲಾರಿ ತಂದು ನಿಲ್ಲಿಸಿದ್ದರು. ಅಂದು ಉರಿಬಿಸಿಲು, ಎಂಟು ಲಾರಿ ಸಾಲಿನಲ್ಲಿ, ಅದರ ಮೇಲಿಂದ ಆಫೀಸಿನ ಕಾರಿನ ಎಸಿ ಕೆಟ್ಟಿತ್ತು. ನನಗೆ ಪಿತ್ತ ನೆತ್ತಿಗೇರಿತ್ತು. ತಲೆ ಎತ್ತದೆಯೇ "ಬುಕ್ರಾ, ಬುಕ್ರಾ" ಎಂದಿದ್ದೆ. ಅರಬ್ಬಿಯಲ್ಲಿ ನಾಳೆ ಅಂತ. ಮರುದಿನ ಬೆಳಗ್ಗೆಯೇ ಆಫೀಸಿನವರು ಅವರನ್ನು ಒಂದು ತಿಂಗಳ ಕೆಲಸಕ್ಕೆ ದೂರದ ಖಸಬಿಗೆ ಕಳಿಸಿದರು. ಅಲ್ಲಿಯ ಗುಡ್ಡದ ರಸ್ತೆಯಲ್ಲಿ ಸಡಿಲ ಬೋಲ್ಟಿನೊಂದಿಗೆ ಒಂದು ತಿಂಗಳು. ತುಂಡಾಗದೆ ಎಂತ ಮಾಡುತ್ತದೆ?

ಮಂಗಳವಾರ ಮ್ಯಾನೇಜರರ ಕೋಣೆಗೆ ಹೋದೆ. ಆಕ್ಸಲ್ ಓರೆಯಾಗಿದೆ, ಬೋಲ್ಟು ತುಂಡಾಗಿದೆ, ನನ್ನ ವರದಿ ತಪ್ಪು ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. "ಇನ್ನೂ ಹೊತ್ತು ಮೀರಿಲ್ಲ. ನಾಳೆ ಕಫೀಲ್ ಬಂದು ಕ್ಯಾನ್ಸಲ್ ಕಾಗದಕ್ಕೆ ಸಹಿ ಹಾಕ್ತಾರೆ. ಗ್ಯಾರೇಜಿನ ತಪ್ಪು ಅಂತ ನೀವು ಬರೆದುಕೊಟ್ಟರೆ ನಾನು ಅದನ್ನು ಮೇಲೆ ಇಡ್ತೇನೆ, ಕಾಗದ ಹರಿದರೂ ಹರಿದಾರು. ಆದರೆ ಅವರು ಒಂದೇ ಮಾತು ಕೇಳ್ತಾರೆ, ಯಾರು ಅಂತ. ಆ ಪ್ಲೇಟು ಹಾಕಿದ್ದು ಯಾರು?"

ಕಫೀಲ್ ಅಂದರೆ ಕಂಪೆನಿಯ ಒಮಾನಿ ಯಜಮಾನರು. ಕಾಕನದ್ದು, ನನ್ನದು, ಆ ಮ್ಯಾನೇಜರರದ್ದು, ಎಲ್ಲರ ವೀಸಾ ಅವರ ಕೈಯಲ್ಲಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ಹೆಗಲಿಗೆ ಹೋಗದಿದ್ದದ್ದೇ ಪುಣ್ಯ. "ಕಾರ್ಡ್ ನೋಡಿ ಹೇಳ್ತೇನೆ ಸರ್" ಎಂದೆ.

ಕಾರ್ಡಿನಲ್ಲಿ ನನ್ನದೇ ಸಹಿ ಇತ್ತು, ಅದು ಗೊತ್ತಿದ್ದೂ ಹೋಗಿ ನೋಡಿದೆ. ಬೆಂಚಿನ ಮೇಲೆ ಕೂತು ಕಾಗದ ಬರೆದೆ. ಪ್ಲೇಟು ಹಾಕಿದ್ದು ನಾನು, ಡ್ರೈವರ್ ಮರುದಿನ ಬಂದಿದ್ದರು, ಬಿಗಿಯದೆ ಕಳಿಸಿದ್ದು ನಾನು. ಮೂರೇ ಸಾಲು. ಮಡಚಿ ಜೇಬಿಗೆ ಹಾಕಿಕೊಂಡೆ. ಹೆಂಡತಿ, ಮಗಳು ಮಸ್ಕತ್ತಿನಲ್ಲಿ ನನ್ನ ಜೊತೆಯೇ ಇದ್ದರು. ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ ನಾಲ್ಕನೆಯ ಕ್ಲಾಸಿನ ಮಗಳು ಶಾಲೆಯಿಂದ ಬಂದು ಬ್ಯಾಗು ಬಿಸಾಡಿ, "ಪಪ್ಪಾ, ನೆಕ್ಸ್ಟ್ ವೀಕ್ ಪಿಕ್‌ನಿಕ್, ಯು ಹ್ಯಾವ್ ಟು ಸೈನ್" ಎಂದು ಒಂದು ಕಾಗದ ಹಿಡಿದಳು. ಸೈನ್ ಹಾಕಿದೆ. ಅನ್ನ ಅರ್ಧಕ್ಕೇ ಬಿಟ್ಟು ಎದ್ದೆ. ಹೆಂಡತಿ ಎಂತಾಯಿತು ಅಂತ ಕೇಳಿದ್ದಕ್ಕೆ ಅವಳ ಮೇಲೆಯೇ ರೇಗಿದೆ.

ಸಂಜೆ ಕೆಲಸ ಬಿಟ್ಟ ಕೂಡಲೇ ಕಾಗದವನ್ನು ಆಫೀಸಿಗೆ ಕೊಡುವ ಬದಲು ಕ್ಯಾಂಪಿನಲ್ಲಿ ಕಾಕನ ಕೋಣೆಗೆ ಹೋದೆ. ಅವರಿಗೆ ಮೊದಲು ಹೇಳುವುದು ನ್ಯಾಯ ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕಾದರೆ ಹೊತ್ತು ತಳ್ಳುತ್ತಿದ್ದೆ. ಅವರು ನೆಲದ ಮೇಲೆ ಕೂತು ಒಂದು ದೊಡ್ಡ ರಟ್ಟಿನ ಪೆಟ್ಟಿಗೆಗೆ ಹಾಲಿನ ಪುಡಿಯ ಡಬ್ಬ, ಮಕ್ಕಳ ಬಟ್ಟೆ ತುಂಬುತ್ತಿದ್ದರು. ಕಾಗದವನ್ನು ತುಳುವಿನಲ್ಲಿ ಓದಿ ಹೇಳಿದೆ. ಬುಕ್ರಾ ಎಂದದ್ದನ್ನೂ ಬಿಡದೆ ಹೇಳಿದೆ.

ಅವರು ಬೈಯುತ್ತಾರೆ ಅಂತ ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ನನಗೆ ನೆನಪುಂಟು ಅಣ್ಣ. ಖಸಬಿನಿಂದ ಬಂದ ಮೇಲೆಯಾದರೂ ನಾನು ಇನ್ನೊಮ್ಮೆ ಬರ್ಬೇಕಿತ್ತು. ನಿಮ್ಮ ಸಿಟ್ಟಿಗೆ ಹೆದರಿ ಬರ್ಲಿಲ್ಲ" ಎಂದರು. ಹೇಳಿ ಸ್ವಲ್ಪ ನಕ್ಕರು. ಆಮೇಲೆ ಕಾಗದದ ಕಡೆ ಕೈ ತೋರಿಸಿದರು. "ಇದನ್ನು ಕೊಡಬೇಡಿ. ಕೊಟ್ಟರೆ ನಿಮ್ಮನ್ನು ಕಳಿಸ್ತಾರೆ. ನನ್ನನ್ನು ಇಟ್ಟುಕೊಳ್ತಾರೆ ಅಂತ ಯಾರು ಹೇಳಿದ್ದು? ಟಯರು ಮಗುಚಿದ್ದು ಗೊತ್ತಾದರೆ ಇಬ್ಬರೂ ಒಟ್ಟಿಗೆ ಹೋಗ್ಬೇಕಾದೀತು. ನಿಮ್ಮ ಮಗು ಶಾಲೆಗೆ ಹೋಗ್ತದೆ."

"ಹಾಗಾದರೆ ನಿಮ್ಮ ಮನೆ?"

"ಗೋಡೆ ಆಗಿದೆಯಲ್ಲ. ಸದ್ಯಕ್ಕೆ ಮೇಲೆ ಅಡಿಕೆ ಸೋಗೆ ಹೊದಿಸಿದರಾಯಿತು."

ಇಲ್ಲ ಕಾಕ, ಅದಾಗದು, ನಾನು ಕೊಟ್ಟೇ ಕೊಡುತ್ತೇನೆ ಎನ್ನಬೇಕಿತ್ತು. ಬಾಯಿಯ ತನಕ ಬಂದಿತ್ತು ಎಂದು ಹೇಳಲೂ ನನಗೆ ಮುಖವಿಲ್ಲ, ಬಂದಿರಲಿಲ್ಲ. ಅವರ ಬಾಯಿಂದ ಆ ಮಾತು ಬರಲಿ ಎಂದೇ ನಾನು ಅಲ್ಲಿಗೆ ಹೋದದ್ದು. ಆ ಸಂಜೆ ಅದು ನನಗೆ ತಿಳಿದಿರಲಿಲ್ಲ, ಈಗ ತಿಳಿಯುತ್ತದೆ. ಕಾಗದ ಮತ್ತೆ ಜೇಬಿಗೆ ಹೋಯಿತು. ಪೆಟ್ಟಿಗೆಗೆ ಹಗ್ಗ ಸುತ್ತಲು ಅವರೊಬ್ಬರಿಂದ ಆಗುತ್ತಿರಲಿಲ್ಲ, ನಾನೊಂದು ಬದಿ ಹಿಡಿದು ಕಟ್ಟಿಕೊಟ್ಟೆ.

ಬುಧವಾರ ಕಫೀಲ್ ಬಂದು ಸಹಿ ಹಾಕಿ ಹೋದರು. ಮ್ಯಾನೇಜರರು ಮಧ್ಯಾಹ್ನದವರೆಗೆ ಎರಡು ಸಲ ಗ್ಯಾರೇಜಿನ ಬಾಗಿಲಿಗೆ ಬಂದರು. ಎರಡು ಸಲವೂ ನಾನು ಯಾವುದೋ ಲಾರಿಯ ಕೆಳಗಿದ್ದೆ. ಅವರೂ ಕರೆಯಲಿಲ್ಲ. ಶುಕ್ರವಾರ ಕಾಕ ಹೋದರು.

ಮರುವಾರ ಆ ಲಾರಿಯ ಆಕ್ಸಲ್ಲನ್ನು ಜಾಗಕ್ಕೆ ಕೂರಿಸಿ, ಹೊಸ ಬೋಲ್ಟು ಹಾಕಿ ಬಿಗಿದೆ. ಒಂದು ಲೋಡು ಓಡಿಸಿ ತರಲು ಹೇಳಿ, ಬಂದ ಕೂಡಲೇ ಉಳಿದ ಕೆಲಸವನ್ನೆಲ್ಲ ಬಿಟ್ಟು ಮತ್ತೆ ಬಿಗಿದೆ. ಅಂದಿನಿಂದ ಪ್ರತಿ ಕಾರ್ಡಿನಲ್ಲೂ ಅದಕ್ಕೊಂದು ಸಾಲು ಬರೆಯುತ್ತಿದ್ದೆ. ನಾಲ್ಕು ಟಯರು ಹೊಸತು ಹಾಕಿ, ಒಬ್ಬ ಪಠಾಣನ ಕೈಗೆ ಲಾರಿ ಕೊಟ್ಟರು. ಅವನು ಗುಣದಲ್ಲಿ ಒಳ್ಳೆಯವನೇ, ಆದರೆ ರೌಂಡ್‌ಎಬೌಟಿನಲ್ಲಿ ಲಾರಿಯನ್ನು ಕಾರಿನ ಹಾಗೆ ತಿರುಗಿಸುವ ಜಾತಿ. ಕಾಕನ ಕಾಲು ಭಾಗದ ನಾಜೂಕು ಅವನಲ್ಲಿ ಇರಲಿಲ್ಲ. ಊರಿನಿಂದ ಕಾಕನ ಸುದ್ದಿ ಒಮ್ಮೆ ಬಂತು, ಯಾರದ್ದೋ ಕೋಳಿ ಫಾರ್ಮಿನ ವ್ಯಾನು ಓಡಿಸುತ್ತಿದ್ದಾರೆ ಅಂತ. ಮನೆಯ ವಿಷಯ ನಾನು ಕೇಳಲಿಲ್ಲ.

ಏಳೆಂಟು ತಿಂಗಳಾದ ಮೇಲೆ ಒಂದು ಶನಿವಾರ ಕಫೀಲ್ ಅಂಗಳಕ್ಕೆ ಬಂದರು. ಮ್ಯಾನೇಜರರ ಜೊತೆ ಸಾಲಿನುದ್ದಕ್ಕೂ ನಡೆದು ಬಂದು ಆ ಲಾರಿಯ ಹಿಂದೆ ನಿಂತರು. ಬಿಳಿ ನಿಲುವಂಗಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಬಗ್ಗಿ, ಒಳಗಿನ ಟಯರಿಗೂ ಕೈ ಹಾಕಿ ಸವರಿ ನೋಡಿದರು. ಗೆರೆ ಆಳವಾಗಿ, ಸಮವಾಗಿ ಇತ್ತು. ಅವರಿಗೆ ಖುಷಿಯಾಯಿತು. "ಡ್ರೈವರ್ ಅಚ್ಛಾ, ಟಯರ್ ಅಚ್ಛಾ. ಪುರಾನಾ ಡ್ರೈವರ್ ಖರಾಬ್" ಎಂದು, ಹಳೆಯ ಡ್ರೈವರೇ ಕೆಟ್ಟವ ಅಂತ ಹರಕು ಹಿಂದಿಯಲ್ಲಿ ಹೇಳಿ, ಕೈ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದರು. "ಸಚ್ ಹೈ ನಾ, ಫೋರ್‌ಮನ್?"

ಮ್ಯಾನೇಜರರು ತಮ್ಮ ಸ್ಕೇಲನ್ನು ನೋಡುತ್ತ ನಿಂತಿದ್ದರು. ನಾನು ಹೌದು ಎಂದೆ.